ಯಾರೂ ಇಲ್ಲದ ಮನೆಯ ಮೀಟರ್

ನಾನೊಂದು ಕರೆಂಟ್ ಮೀಟರ್. ಹೀಗೆಂದ ಕೂಡಲೇ ನೀವು ಮುಖ ಸಿಂಡರಿಸುತ್ತೀರಿ, ಗೊತ್ತು. ಬಿಲ್ಲು ಏರಿದರೆ ಬೈಗುಳವೆಲ್ಲ ನನಗೆ, ಫ್ಯಾನು ಆರಿಸದೆ ಪೇಟೆಗೆ ಹೋದವರಿಗೆ ಏನೂ ಇಲ್ಲ. ಇರಲಿ. ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ, ನನ್ನಂಥವೇ ನೂರಾರು ಮೀಟರುಗಳ ಸಾಲಿನಲ್ಲಿ. ಎದೆಯೊಳಗೆ ಕೆಂಪು ದೀಪ ಕೂರಿಸಿದರು, ಲೆಕ್ಕ ತಪ್ಪುತ್ತೇನೋ ಎಂದು ಪರೀಕ್ಷೆ ಮಾಡಿದರು, ಸೀಲು ಹಾಕಿ ಕಳಿಸಿದರು. ಅಂದಿನಿಂದ ನನಗೆ ಸ್ವಲ್ಪ ಜಂಬ.

ನನ್ನನ್ನು ತಂದು ತಗುಲಿಸಿದ್ದು ಬೀದರದ ಎರಡು ಕೋಣೆಯ ಮನೆಯೊಂದರ ಹೊರಗೋಡೆಗೆ, ಕಟ್ಟೆಯ ಮೇಲ್ಗಡೆ. ಮನೆಯ ಯಜಮಾನ ಜಯಶೀಲ. ಸುಟ್ಟುಹೋದ ನೀರಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿ ಅವನದು. ಹೆಂಡತಿ ಸುವಾರ್ತಾ ಆಸ್ಪತ್ರೆಯಲ್ಲಿ ನರ್ಸು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವರು. ನಾನಿರುವ ಎತ್ತರದಿಂದ ಮುಖಕ್ಕಿಂತ ನಡುನೆತ್ತಿಯೇ ಹೆಚ್ಚು ಕಾಣುವುದು. ಜಯಶೀಲನ ತಲೆ ಬೋಳಾಗುತ್ತಿದೆ ಎಂದು ಹೆಂಡತಿಗಿಂತ ಮೊದಲು ಕಂಡುಕೊಂಡವನು ನಾನೇ.

ಕೆಲವು ವರ್ಷಗಳಾದ ಮೇಲೆ ಸುವಾರ್ತಾ ಯುರೋಪಿನ ಒಂದು ದೇಶಕ್ಕೆ ಹೋದಳು. ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಅಲ್ಲಿ ಮುದುಕರನ್ನು ನೋಡಿಕೊಳ್ಳಲು ಜನ ಸಾಲದಂತೆ. ಸಂಬಳವೇನೋ ದೊಡ್ಡದು, ಕಡಿತವೂ ದೊಡ್ಡದೇ. ತೆರಿಗೆ, ಪಿಂಚಣಿಯ ವಂತಿಗೆ, ಕಾಯಿಲೆಯ ವಂತಿಗೆ ಅಂತ ಕೈಗೆ ಬರುವ ಮೊದಲೇ ಬಹುಪಾಲು ಕರಗುತ್ತಿತ್ತು. ಆದರೆ ಗಂಡ ಹೆಂಡತಿ ಅಲ್ಲಿ ಒಂದೇ ಸೂರಿನಡಿ ಇದ್ದರೆ ತೆರಿಗೆ ಇಳಿಯುತ್ತದೆ, ಹೆಂಡತಿ ಕಟ್ಟುವ ವಂತಿಗೆಯಲ್ಲೇ ಗಂಡನ ಔಷಧೋಪಚಾರವೂ ಆಗುತ್ತದೆ. ಇದನ್ನೆಲ್ಲ ಅವಳು ಫೋನಿನಲ್ಲಿ ಹೇಳುತ್ತಿದ್ದಳು. ಅವನು ಕಟ್ಟೆಯ ಮೇಲೆ ಕೂತು ಸ್ಪೀಕರ್ ಹಾಕಿ ಕೇಳುತ್ತಿದ್ದ. ನನಗೆ ಗೊತ್ತಾದದ್ದು ಹಾಗೆ.

ಜಯಶೀಲನೂ ಹೋದ. ಅಲ್ಲಿನ ಕಚೇರಿಯಲ್ಲಿ ಹೆಂಡತಿಯ ಜೊತೆ ವಾಸ ಎಂದು ಹೆಸರು ಬರೆಸಿದ, ಒಂದು ಚಳಿಗಾಲ ಇದ್ದ, ವಾಪಸು ಬಂದ. ಅಲ್ಲಿ ಕೆಲಸವಿಲ್ಲ, ಮಾತು ಬರುವುದಿಲ್ಲ, ಹೆಂಡತಿ ಡ್ಯೂಟಿಗೆ ಹೋದರೆ ಗೋಡೆಯೇ ಗತಿ ಎಂದು ಪಕ್ಕದ ಮನೆಯ ಇಂದುಬಾಯಿಯ ಮುಂದೆ ಹೇಳಿಕೊಂಡ. ಆದರೆ ಅಲ್ಲಿನ ಕಚೇರಿಯಲ್ಲಿ ಬರೆಸಿದ ಹೆಸರನ್ನು ಇಬ್ಬರೂ ತೆಗೆಸಲಿಲ್ಲ. ತೆಗೆಸಿದರೆ ತೆರಿಗೆ ಏರುತ್ತದೆ, ಹೇಗೂ ಮತ್ತೆ ಹೋಗುವುದಿದೆಯಲ್ಲ ಎಂದು ಸುಮ್ಮನಾದರು. ಕೆಟ್ಟದ್ದು ಅಲ್ಲಿಂದಲೇ.

ಒಂದು ದಿನ ಸುವಾರ್ತಾಳಿಗೆ ಆ ಕಚೇರಿಯಿಂದ ಕಾಗದ ಬಂತು. ನಿಮ್ಮ ಸಂಸಾರ ನಿಜವಾಗಿ ಯಾವ ದೇಶದಲ್ಲಿದೆ ಎಂದು ಕೇಳಿದ್ದರು. ಅವಳು ಹೆದರಿ, ಗಂಡ ನನ್ನ ಜೊತೆಗೇ ಇದ್ದಾರೆ, ಬೀದರದ ಮನೆಗೆ ಬೀಗ ಹಾಕಿದ್ದೇವೆ ಎಂದು ಬರೆದುಬಿಟ್ಟಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರಲ್ಲ, ಹಾಗೆ. ಅವರೇನು ದಡ್ಡರೇ? ಹಾಗಾದರೆ ಆ ಮನೆಯ ಕರೆಂಟ್ ಬಿಲ್ಲನ್ನು ಇನ್ನೊಂದು ವರ್ಷ ತಿಂಗಳು ತಿಂಗಳು ಕಳಿಸಿ ಎಂದರು. ಸುಳ್ಳೆಂದು ಗೊತ್ತಾದರೆ ಉಳಿಸಿದ ತೆರಿಗೆಯಷ್ಟನ್ನೂ ಕಕ್ಕಬೇಕು, ಅವಳ ನೌಕರಿಯೂ ಹೋಗಬಹುದು.

ಫೋನಿನಲ್ಲಿ ಅವಳು ಅಳುತ್ತಿದ್ದಳು. ಅವನು ಹೇಳಿದ: "ಅಲ್ಲಿ ಬಂದು ಗ್ವಾಡಿ ನೋಡ್ಕೋತ ಕೂಡೂದು ನನಗ ಆಗಂಗಿಲ್ಲ. ಒಂದ್ ವರ್ಷ ತಾನೆ, ಸುವಾರ್ತಾ. ನಾ ಕತ್ತಲಾಗ ಇರ್ತೀನಿ. ನೀ ನಿನ್ನ ನೌಕರಿ ನೋಡು."

ಆಮೇಲೆ ಎದ್ದು ನನ್ನ ಕೆಳಗಿನ ಮೇನ್ ಸ್ವಿಚ್ ಇಳಿಸಿದ. ನನ್ನ ಕೆಂಪು ದೀಪ ಮಿಟುಕುವುದು ನಿಂತಿತು.

ಫ್ರಿಜ್ಜು ಮಾರಿದ. ನೀರಿನ ಪಂಪು ನಡೆಯದ ಕಾರಣ ಇಂದುಬಾಯಿಯ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತ. ಊರಿನ ಮೋಟಾರುಗಳಿಗೆಲ್ಲ ಜೀವ ಕೊಡುವವನು ಮನೆಯಲ್ಲಿ ಮೇಣದಬತ್ತಿ ಹಚ್ಚಿ ರೊಟ್ಟಿ ತಿನ್ನುತ್ತಿದ್ದ. ಅವನು ಇಲ್ಲೇ ಇದ್ದಾನೆಂದು ಓಣಿಗೆಲ್ಲ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಾಗಬಾರದು. ಕಂಬದಿಂದ ಒಂದು ವೈರು ಎಳೆದುಕೋ, ನಿನಗೇನು ಕಷ್ಟ ಎಂದು ಇಂದುಬಾಯಿ ಕೇಳಿದಳು. ಕದ್ದ ಕರೆಂಟು ಬೇಡವೆಂದ. ನಮ್ಮ ಮನೆಯಿಂದಲಾದರೂ ತಗೋ ಎಂದಳು. ಇನ್ನೊಬ್ಬರ ಋಣ ಯಾಕೆ ಎಂದ. ಕಳ್ಳತನಕ್ಕೆ ಇಷ್ಟು ಹೆದರುವವನು ಇಡೀ ಬಾಳನ್ನೇ ಸುಳ್ಳಿಗೆ ಒತ್ತೆಯಿಟ್ಟು ಕೂತಿದ್ದ. ಅದು ಅವನಿಗೆ ಹೊಳೆಯಲೇ ಇಲ್ಲ. ಅವನ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು. ಮೀಟರಿಗೆ ಎಲ್ಲಿಯ ಕರುಳು ಎನ್ನಬೇಡಿ.

ತಿಂಗಳಿಗೊಮ್ಮೆ ರೀಡಿಂಗಿನವನು ಬಂದು, ನನ್ನ ಮುಖ ನೋಡಿ, ಯುನಿಟ್ಟು ಸೊನ್ನೆ ಎಂದು ಬರೀ ಮೀಟರ್ ಬಾಡಿಗೆಯ ಬಿಲ್ಲು ಹರಿದು ಬಾಗಿಲ ಸಂದಿಗೆ ಸಿಕ್ಕಿಸುತ್ತಿದ್ದ. ಜಯಶೀಲ ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸುತ್ತಿದ್ದ. ಅಲ್ಲಿನವರು ಒಪ್ಪುತ್ತಿದ್ದಾರೆ ಎಂದು ಅವಳು ತಿಳಿಸಿದಾಗ, ಪರೀಕ್ಷೆ ಪಾಸಾದವನಂತೆ ಖುಷಿಪಡುತ್ತಿದ್ದ.

ಬೇಸಿಗೆ ಬಂತು. ಬೀದರದ ಬಿಸಿಲು ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ನಾನೇ ಮುಟ್ಟಿದರೆ ಸುಡುತ್ತಿದ್ದೆ. ಒಳಗಿರಲಾಗದೆ ಅವನು ಒದ್ದೆ ಟವೆಲ್ಲು ಹೊದ್ದು ಕಟ್ಟೆಯ ಮೇಲೆ ಮಲಗುತ್ತಿದ್ದ. ಎದೆ ಹಿಡಿದುಕೊಂಡು ಕೂರುವುದು ಶುರುವಾಯಿತು. ಹೆಂಡತಿಗೆ ಹೇಳಲಿಲ್ಲ. ನರ್ಸಿಗೆ ಹೇಳಿದರೆ ಕೇಳಬೇಕೇ, ಮರುದಿನವೇ ವಿಮಾನ ಹತ್ತುತ್ತಾಳೆ ಎಂದು ಅಂಜಿದ.

ಒಂದು ಭಾನುವಾರ ಚರ್ಚಿನಿಂದ ಬಂದವನು ಬೀಗ ತೆಗೆಯಲಾರದೆ ಹಾಗೇ ಗೋಡೆಗೆ ಒರಗಿದ. ಬೆವರು ಧಾರಾಕಾರ ಇಳಿಯುತ್ತಿತ್ತು. ಇಂದುಬಾಯಿ ಓಡಿ ಬಂದು, ಆಟೋ ತರಿಸುತ್ತೇನೆ, ದವಾಖಾನೆಗೆ ನಡೆ ಎಂದಳು. ಅವನು ಅವಳ ಕೈ ಹಿಡಿದು ನಿಲ್ಲಿಸಿದ.

"ಬ್ಯಾಡ ಅಕ್ಕ. ದವಾಖಾನ್ಯಾಗ ಹೆಸರು ಬರೀತಾರ. ನಾ ಇಲ್ಲಿ ಇಲ್ಲ."

"ಹುಚ್ಚನಂಗ ಮಾತಾಡ್ಬ್ಯಾಡ, ತಮ್ಮಾ. ಜೀವ ಇದ್ರ ಕಾಗದ."

ಅವಳು ಬಿಡಿಸಿಕೊಂಡು ಓಡಿದಳು. ಆಟೋ ಬರುವಷ್ಟರಲ್ಲಿ ಅವನ ತಲೆ ಎದೆಯ ಮೇಲೆ ಬಿದ್ದಿತ್ತು. ಅವನ ಕೊನೆಯ ಉಸಿರು ಕೇಳಿದವನು ನಾನೊಬ್ಬನೇ. ಏನು ಮಾಡಲಿ, ಮನುಷ್ಯರಿಗೆ ಕೇಳುವಂಥ ಬಾಯಿ ನನಗಿಲ್ಲ.

ಸುವಾರ್ತಾ ಬಂದಳು. ಮಣ್ಣಾಯಿತು. ಆಮೇಲೆ ಮರಣದ ಪತ್ರಕ್ಕಾಗಿ ನಗರಸಭೆಯಿಂದ ಒಬ್ಬ ಗುಮಾಸ್ತ ವಿಚಾರಣೆಗೆ ಮನೆಗೇ ಬಂದ. ಸತ್ತವರು ಎಲ್ಲಿ ವಾಸವಿದ್ದರು ಎಂದು ಕೇಳಿದ. ಇಷ್ಟು ದಿನ ಹೆದರಿ ಹೆದರಿ ಬದುಕಿದ್ದ ಅವಳು ಅಂದು ಹೆದರಲಿಲ್ಲ. ನೌಕರಿ ಹೋದರೆ ಹೋಗಲಿ, ದಂಡ ಬಿದ್ದರೆ ಬೀಳಲಿ, ಇನ್ನು ಸುಳ್ಳು ಹೇಳಲಾರೆ ಎಂದು ಇಂದುಬಾಯಿಗೆ ಬೆಳಗ್ಗೆಯೇ ಹೇಳಿದ್ದಳು.

"ಇಲ್ಲೇ ಇದ್ರು," ಎಂದಳು. "ಈ ಮನ್ಯಾಗೇ ಇದ್ರು."

ಗುಮಾಸ್ತ ಕೆಟ್ಟವನಲ್ಲ. ಆಧಾರ್ ಹಳೆಯದು, ಅವರ ಹತ್ತಿರ ಪರದೇಶದ ಗುರುತಿನ ಚೀಟಿ ಇದೆ, ಅದರಲ್ಲಿ ಅಲ್ಲಿನ ವಿಳಾಸ ಇದೆ ಎಂದ. ಇಲ್ಲಿ ಇದ್ದದ್ದಕ್ಕೆ ಕರೆಂಟ್ ಬಿಲ್ಲಾದರೂ ತೋರಿಸಿ ಎಂದ. ಅವಳು ಕೊಟ್ಟಳು. ಅವನು ಒಂದೊಂದಾಗಿ ತಿರುವಿ, ತಲೆಯೆತ್ತಿ ನನ್ನನ್ನು ನೋಡಿದ.

"ಇದ್ದವರು ಒಂದ್ ಬಲ್ಬ್ ಸೈತ ಹಚ್ಚಂಗಿಲ್ಲೇನ್ರಿ, ಮೇಡಂ?"

ದಿನಾ ನೀರು ಕೊಟ್ಟವಳು ನಾನೇ ಎಂದು ಇಂದುಬಾಯಿ ವಾದಿಸಿದಳು. ನೋಡಿದ್ದು ಬೇರೆ, ಕಾಗದ ಬೇರೆ ಎಂದ ಅವನು. ವಾಸ ಪರದೇಶ, ಊರಿಗೆ ಬಂದಿದ್ದಾಗ ಮರಣ ಎಂದು ಬರೆಯುತ್ತೇನೆ, ಅಲ್ಲಿನ ಚೀಟಿಗೂ ಹೊಂದುತ್ತದೆ, ನಿಮಗೆ ಎಲ್ಲೂ ತೊಂದರೆ ಆಗುವುದಿಲ್ಲ ಎಂದು ಸಮಾಧಾನದ ಮಾತಾಡಿದ. ಸುವಾರ್ತಾ ಪೆನ್ನು ಹಿಡಿದು ನನ್ನನ್ನೇ ನೋಡುತ್ತ ನಿಂತಳು. ಅವಳ ಮುಖವನ್ನು ಅಷ್ಟು ಹೊತ್ತು ನಾನು ಹಿಂದೆಂದೂ ನೋಡಿರಲಿಲ್ಲ. ಆಮೇಲೆ ಸಹಿ ಮಾಡಿದಳು.

ಮರಣದ ಪತ್ರವನ್ನು ಅವಳು ಆ ದೇಶದ ಕಚೇರಿಗೆ ಕಳಿಸಿದಳು, ಕೆಲವು ದಿನಗಳಲ್ಲಿ ಉತ್ತರ ಬಂತು. ಅವಳು ಕಟ್ಟೆಯ ಮೇಲೆ ಕೂತು ಇಂದುಬಾಯಿಗೆ ಅದರ ಅರ್ಥ ಹೇಳಿದಳು. ಸಂತಾಪ ಸೂಚಿಸಿದ್ದರು. ವಿಚಾರಣೆ ಮುಗಿದಿದೆ, ನಿಮ್ಮ ಹೇಳಿಕೆ ಸರಿಯಾಗಿದೆ, ಏನೂ ಬಾಕಿ ಇಲ್ಲ ಎಂದಿದ್ದರು.

ಸುವಾರ್ತಾ ಮನೆ ಮಾರಿ ಹೋದಳು. ಹೊಸಬರು ಬಂದಾಗ ಹೊಸ ಮೀಟರು ಬಂತು. ನಾನೀಗ ಕರೆಂಟ್ ಆಫೀಸಿನ ಹಿಂದಿನ ಶೆಡ್ಡಿನಲ್ಲಿ, ಗುಜರಿಯವನ ದಾರಿ ಕಾಯುತ್ತ ಬಿದ್ದಿದ್ದೇನೆ. ಸುತ್ತಲಿನ ಮೀಟರುಗಳು ತಾವು ಓಡಿದ ಯುನಿಟ್ಟುಗಳ ಬಗ್ಗೆ ಕೊಚ್ಚಿಕೊಳ್ಳುತ್ತವೆ. ಆ ಒಂದು ವರ್ಷ ನಾನು ತೋರಿಸಿದ ಲೆಕ್ಕದಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಆ ಒಂದು ವರ್ಷ ಜಯಶೀಲ ನನ್ನ ಕೆಳಗೇ ಇದ್ದ ಎಂಬುದರಲ್ಲೂ ತಪ್ಪಿಲ್ಲ. ಕೇಳಲು ಬಂದವರೆಲ್ಲ ನನ್ನೊಬ್ಬನನ್ನೇ ಕೇಳಿ ಹೋದರು.