ಐದು ಮಕ್ಕಳ ಬಾಟಲಿ

ಬಂಟ್ವಾಳದಿಂದ ಹೊರಟ ಬಸ್ಸು ಕೊನೆಗೆ ಬಂದು ತಿರುಗುವ ಊರು ಅದು. ಆ ಗುರುವಾರ ಅಲ್ಲಿನ ಆರೋಗ್ಯ ಉಪಕೇಂದ್ರದಲ್ಲಿ ಮಕ್ಕಳ ಚುಚ್ಚುಮದ್ದಿನ ದಿನ. ಆಶಾ ಕಾರ್ಯಕರ್ತೆ ವಿಜೇತಾ ಬೆಳಗ್ಗೆಯೇ ಬಂದು ಜಗಲಿ ಗುಡಿಸಿ, ಬೆಂಚಿಗೆ ಹಳೆಯ ಬೆಡ್‌ಶೀಟು ಹಾಸಿ, ತೂಕದ ತಕ್ಕಡಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿದ್ದಳು. ಒಳಗೆ ಸಿಸ್ಟರ್ ಶಶಿಪ್ರಭಾ ಒಂದೂವರೆ ತಿಂಗಳ ನಾಲ್ಕು ಶಿಶುಗಳಿಗೆ ಚುಚ್ಚಿ ಮುಗಿಸಿದ್ದರು. ನಾಲ್ಕೂ ಪೈಪೋಟಿಗೆ ಬಿದ್ದಂತೆ ಅಳುತ್ತಿದ್ದವು.

ಆಗ ರಾಫಿಯಾ ಹತ್ತು ತಿಂಗಳ ಫಿದಾಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ವಿಜೇತಾ ಅವಳನ್ನು ಗುರುತಿಸಿದಳು.

ರಾಫಿಯಾಳ ಗಂಡನ ಮನೆ ವೇಣೂರಿನ ಆಚೆ. ಗಂಡ ರಮೀಝ್ ದಮ್ಮಾಮಿನಲ್ಲಿ. ಹೆರಿಗೆಗೆಂದು ತವರಿಗೆ ಬಂದವಳು, ತಾಯಿ ಆಯಿಶಮ್ಮನ ಮೊಣಕಾಲಿನ ಆಪರೇಶನ್ನಿನಿಂದಾಗಿ ಇಲ್ಲೇ ಉಳಿದಿದ್ದಳು. ಹೋದ ತಿಂಗಳು ಇದೇ ಜಗಲಿಯಲ್ಲಿ ರಾಫಿಯಾಳ ತಾಯಿ-ಮಗು ಕಾರ್ಡ್ ನೋಡಿ, ನಿಮ್ಮ ಹೆಸರು ಅಲ್ಲಿಯದ್ದು, ಅಲ್ಲೇ ಹಾಕಿಸಿ ಎಂದು ಕಳಿಸಿದ್ದವಳು ವಿಜೇತಾಳೇ. ರಾಫಿಯಾ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಹೋಗಿದ್ದಳು. ಅಲ್ಲಿಯ ಪುಸ್ತಕದಲ್ಲಿ ಅವಳ ಹೆಸರಿನ ಎದುರು 'ತವರಿಗೆ ಹೋಗಿದ್ದಾರೆ' ಎಂದು ಬರೆದಾಗಿತ್ತು; ಅಲ್ಲಿಯೂ ಹಾಕದೆ ಕಳಿಸಿದ್ದರು. ಊರು ಎರಡಿದ್ದರೂ ಮಗು ಯಾವ ಪಟ್ಟಿಯಲ್ಲೂ ಇರಲಿಲ್ಲ. ಉಪಕೇಂದ್ರದ ಗೋಡೆಯ ಮೇಲೆ ಮಾತ್ರ ನಗುವ ಮಗುವೊಂದರ ದೊಡ್ಡ ಚಿತ್ರವಿತ್ತು. ಅದು ಯಾವ ಊರಿನ ಮಗು ಎಂದು ಯಾರೂ ಕೇಳಿರಲಿಲ್ಲ.

"ಇವತ್ತು ಎಲ್ಲಿಗೆ ಕಳಿಸ್ತೀರಿ ಅಕ್ಕ?" ರಾಫಿಯಾ ಮೆಲ್ಲಗೆ ಕೇಳಿದಳು. "ವೇಣೂರಿಗಾ, ದಮ್ಮಾಮಿಗಾ?"

ವಿಜೇತಾ ಅವಳ ಕಾರ್ಡ್ ತೆಗೆದುಕೊಂಡು ಒಳಗೆ ಕರೆದೊಯ್ದಳು. ಆಯಿಶಮ್ಮನ ಮನೆಯಿಂದ ಎರಡು ಮನೆ ಆಚೆ, ಎರಡು ವರ್ಷದ ಹಿಶಾಮ್‌ಗೆ ದಡಾರ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಅವನಿಗೆ ಆಮ್ಲಜನಕ ಕೊಡುತ್ತಿದ್ದರು. ಈಗ ಅವನ ಅಕ್ಕನಿಗೂ ಜ್ವರ. ಫಿದಾಳಿಗೆ ಬೇಕಾದದ್ದು ಆ ದಡಾರದ ಚುಚ್ಚುಮದ್ದೇ.

ಸಿಸ್ಟರ್ ಕಾರ್ಡ್ ನೋಡಿದರು. ಮೊದಲ ಪ್ರಶ್ನೆ ಎಂದಿನಂತೆ, ಯಾವ ಊರು ಎಂದು. ಎರಡನೆಯದು, ದಡಾರದ ಮದ್ದಿಗೆ ಇವತ್ತು ಬೇರೆ ಎಷ್ಟು ಮಕ್ಕಳು ಎಂದು. ಪಟ್ಟಿಯಲ್ಲಿದ್ದವರಿಗೆಲ್ಲ ಹೋದ ತಿಂಗಳೇ ಆಗಿತ್ತು. ಇವಳೊಬ್ಬಳೇ.

"ಒಬ್ಬಳಿಗೆ ಬಾಟಲಿ ತೆಗೀಲಿಕ್ಕೆ ಆಗುವುದಿಲ್ಲ," ಎಂದರು ಸಿಸ್ಟರ್. "ಒಂದು ಬಾಟಲಿಯಲ್ಲಿ ಐದು ಮಕ್ಕಳಿಗೆ ಉಂಟು. ಕಲಸಿದ ಮೇಲೆ ನಾಲ್ಕು ಗಂಟೆ ಅಷ್ಟೇ. ಉಳಿದದ್ದು ಬಿಸಾಡುವುದು."

ಒಂದು ಮಗುವಿಗೂ ತೆಗೆಯಬಹುದೆಂದು ತರಬೇತಿಯಲ್ಲಿ ಹೇಳಿದ್ದರಲ್ಲ ಎಂದು ವಿಜೇತಾ ನೆನಪಿಸಿದಳು.

"ಆದೇಶದಲ್ಲಿ ಉಂಟು ಮಾರಾಯ್ತಿ. ಮೀಟಿಂಗಿನಲ್ಲಿ ಕೇಳುವುದು ಬೇರೆ." ಸಿಸ್ಟರ್ ಪೆನ್ನು ಕೆಳಗಿಟ್ಟರು. "ಹೋದ ಸಲ ಮೂರು ಡೋಸ್ ಹಾಳಾಯಿತು. ಕಾರಣ ಅಂತ ಒಂದು ಕಾಲಂ ಉಂಟಲ್ಲ, ಎಂತ ಬರೆಯುವುದು ಅಂತ ಗೊತ್ತಾಗದೆ ಖಾಲಿ ಬಿಟ್ಟೆ. ಮೆಮೊ ಬಂತು. ಎಲ್ಲರೆದುರು ಎದ್ದು ನಿಲ್ಲಿಸಿ ಕೇಳಿದರು. ಇಪ್ಪತ್ತೆರಡು ವರ್ಷದ ಸರ್ವೀಸು. ನನಗೇನು ಮಕ್ಕಳ ಮೇಲೆ ಹಗೆಯಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಳಾದ ಮದ್ದಿಗೆ ಮೆಮೊ ಬರುತ್ತದೆ. ಮದ್ದು ಸಿಗದ ಮಗುವಿಗೆ ಯಾವ ಮೆಮೊವೂ ಬರುವುದಿಲ್ಲ. ವಿಜೇತಾ ಗೋಡೆ ಗಡಿಯಾರ ನೋಡಿದಳು. ಹನ್ನೊಂದು ಹತ್ತು.

"ಐದು ಮಕ್ಕಳನ್ನು ತಂದರೆ?"

"ತಂದರೆ ಹಾಕ್ತೇನೆ. ಒಂದು ಗಂಟೆಗೆ ಐಸ್ ಡಬ್ಬ ಕಟ್ಟಬೇಕು, ನೆನಪಿರಲಿ."

ವಿಜೇತಾ ಕೊಡೆ ಹಿಡಿದು ರಸ್ತೆಗೆ ಇಳಿದಳು. ಪಟ್ಟಿಯಲ್ಲಿ ಇಲ್ಲದ ಮಕ್ಕಳನ್ನು ಪಟ್ಟಿ ನೋಡಿ ಹುಡುಕಲಾಗುವುದಿಲ್ಲ ಎಂಬುದು ಅವಳಿಗೆ ಹೊಳೆದದ್ದು ರಿಕ್ಷಾ ಸ್ಟ್ಯಾಂಡಿನಲ್ಲಿ. ಅಲ್ಲಿ ಹುಕ್ರಪ್ಪಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ವಿಷಯ ಕೇಳಿ ಅವರಿಗೆ ನಗು ಬಂತು.

"ಬಾಣಂತಿಯರನ್ನು ಆಸ್ಪತ್ರೆಯಿಂದ ತವರಿಗೆ ಬಿಟ್ಟದ್ದು ಯಾರು ವಿಜೇತಕ್ಕ? ನಿಮ್ಮ ಪುಸ್ತಕವಾ, ನನ್ನ ರಿಕ್ಷಾವಾ? ಕೂತುಕೊಳ್ಳಿ."

ಮೊದಲು ಕಮಲಾಕ್ಷರ ಮನೆ. ಮಗಳು ಪ್ರಾಪ್ತಿ ಮೂಡುಬಿದಿರೆಯಿಂದ ಮಗು ಶಿಶಿರ್‌ನ ಜೊತೆ ಬಂದು ಎರಡು ತಿಂಗಳಾಗಿತ್ತು. ಚಾವಡಿಯಲ್ಲಿ ಕೂತಿದ್ದ ಕಮಲಾಕ್ಷರು ವಿಜೇತಾಳಿಗೆ ಕುರ್ಚಿ ತೋರಿಸಿದರು, ಮಗುವನ್ನು ಕೊಡಲು ಮಾತ್ರ ಒಪ್ಪಲಿಲ್ಲ. ತಮ್ಮ ಮೊಮ್ಮಗನಿಗೆ ಮೂಡುಬಿದಿರೆಯ ಪ್ರೈವೇಟ್ ಡಾಕ್ಟರೇ ಹಾಕುವುದು, ಧರ್ಮಕ್ಕೆ ಸಿಗುವ ಈ ಸರ್ಕಾರಿ ಮದ್ದಿನ ಬಗ್ಗೆ ತಮಗೆ ಧೈರ್ಯ ಬರುವುದಿಲ್ಲ ಎಂದರು. ಇದೇ ಧರ್ಮದ ಮದ್ದನ್ನು ತನ್ನ ಇಬ್ಬರು ಮಕ್ಕಳಿಗೂ ಹಾಕಿಸಿದ್ದೇನೆ, ಇಬ್ಬರೂ ಈಗ ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಾರೆ ಎಂದು ವಿಜೇತಾ ಹೇಳಿದಳು. ಹಿಶಾಮ್‌ನ ಸುದ್ದಿಯನ್ನೂ ಹೇಳಿದಳು. ಅಷ್ಟರಲ್ಲಿ ಪ್ರಾಪ್ತಿ ಮಗುವಿಗೆ ಟೊಪ್ಪಿ ಹಾಕಿಕೊಂಡು ಹೊರಗೆ ಬಂದಳು.

"ಅಪ್ಪ, ಡಾಕ್ಟರಲ್ಲಿಗೆ ನಾಳೆ ಹೋಗುವ, ನಾಳೆ ಹೋಗುವ ಅಂತ ನೀವು ಹೇಳಲಿಕ್ಕೆ ಸುರು ಮಾಡಿ ಒಂದು ತಿಂಗಳಾಯಿತು," ಎಂದವಳೇ ರಿಕ್ಷಾ ಹತ್ತಿದಳು.

ಬೆಳ್ತಂಗಡಿಯಿಂದ ತಂಗಿಯ ಮನೆಗೆ ಬಂದು ನಿಂತಿದ್ದ ಒಬ್ಬಾಕೆಯ ಅವಳಿಗಳು ಸಿಕ್ಕಿದರು. ಲೆಕ್ಕ ನಾಲ್ಕಾಯಿತು. ಐದನೆಯದಕ್ಕೆ ಹುಕ್ರಪ್ಪಣ್ಣ ಕೆಂಪುಕಲ್ಲು ಕಡಿಯುವ ಕೋರೆಯ ಕಡೆ ರಿಕ್ಷಾ ತಿರುಗಿಸಿದರು.

ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಘಟ್ಟದ ಮೇಲಿನಿಂದ ಬಂದ ಕೆಲಸಗಾರರಿದ್ದರು. ಪಟ್ಟಿ ಬರೆಯುವವರು ಬರುವಷ್ಟರಲ್ಲಿ ಅವರು ಮುಂದಿನ ಕೋರೆಗೆ ಹೋಗಿರುತ್ತಾರೆ. ಮೊದಲ ಶೆಡ್ಡಿನಲ್ಲೇ ಒಂಬತ್ತು ತಿಂಗಳು ತುಂಬಿದ ಗಂಡು ಮಗುವೊಂದು ಸಿಕ್ಕಿತು. ತಾಯಿ ಕೈ ತೊಳೆದು ಹಾಗೆಯೇ ಹೊರಟಳು. ಐದಾಯಿತೆಂದು ವಿಜೇತಾ ಉಸಿರು ಬಿಡುವಾಗ ಪಕ್ಕದ ಶೆಡ್ಡಿನಿಂದ ಇನ್ನೊಬ್ಬಳು ಬಂದಳು. ಕಂಕುಳಲ್ಲಿ ಮಗು.

"ನಮ್ಮ ಕೂಸಿಗೂ ಹಾಕ್ತೀರೇನ್ರಿ?"

ರಿಕ್ಷಾದಲ್ಲಿ ಮೂವರು ತಾಯಂದಿರು, ನಾಲ್ಕು ಮಕ್ಕಳು. ಬಾಟಲಿಯಲ್ಲಿ ಐದೇ ಡೋಸ್. ಗಂಟೆ ಹನ್ನೆರಡೂ ಕಾಲು. ಮುಂದಿನ ತಿಂಗಳು ಬನ್ನಿ ಎಂದು ವಿಜೇತಾ ಹೇಳಿದಳು.

"ಮುಂದಿನ ತಿಂಗಳ ನಾವು ಎಲ್ಲಿರತೀವೋ ಏನೋ," ಎಂದಳು ಆಕೆ. ದೂರಿನ ದನಿಯೇ ಅಲ್ಲ. ರಿಕ್ಷಾ ಹೊರಟಿತು.

ಸಿಸ್ಟರ್ ಮಾತು ಉಳಿಸಿಕೊಂಡರು. ಮೊದಲ ಚುಚ್ಚು ಫಿದಾಳಿಗೆ. ಅವಳು ಒಂದು ಸಲ ಕಿರುಚಿ, ಆಮೇಲೆ ಶಿಶಿರ್‌ನ ಟೊಪ್ಪಿ ಎಳೆಯುವುದರಲ್ಲಿ ಮಗ್ನಳಾದಳು. ಅರ್ಧ ಗಂಟೆ ಕೂತು ಹೋಗಬೇಕೆಂದು ತಾಯಂದಿರೆಲ್ಲ ಬೆಂಚಿನ ಮೇಲಿದ್ದರು. ರಾಫಿಯಾ ವಿಜೇತಾಳನ್ನು ನೋಡಿ ಮೊದಲ ಬಾರಿ ನಕ್ಕಳು. ವಿಜೇತಾಳಿಗೆ ನಗಲಾಗಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು.

ಒಂದಕ್ಕೆ ಹತ್ತು ನಿಮಿಷವಿರುವಾಗ ಆಕೆ ಬಂದಳು. ಎರಡು ಕಿಲೋಮೀಟರ್ ಬಿಸಿಲು. ಮಗುವಿನ ತಲೆಗೆ ಒದ್ದೆ ಬೈರಾಸು ಹೊದಿಸಿದ್ದಳು. ಮೆಟ್ಟಿಲ ಕೆಳಗೆ ನಿಂತು, ಹತ್ತಬಹುದೋ ಬಾರದೋ ಎಂಬಂತೆ ನೋಡಿದಳು.

ಒಳಗೆ ಸಿಸ್ಟರ್ ಡಬ್ಬದ ಪಟ್ಟಿ ಬಿಗಿಯುತ್ತಿದ್ದರು. ವಿಜೇತಾ ಬಾಗಿಲಲ್ಲಿ ನಿಂತಳು.

"ಸಿಸ್ಟರ್, ಇವರನ್ನು ಬಿಟ್ಟು ಬಂದದ್ದು ನಾನು. ಐದಾಯಿತಲ್ಲ ಅಂತ. ಮೀಟಿಂಗಿನಲ್ಲಿ ಕೇಳಿದರೆ ನಾನೂ ಎದ್ದು ನಿಲ್ತೇನೆ. ಇವರಿಗೆ ಇನ್ನೊಂದು ಸಲ ಹೋಗಿ ಅಂತ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಹೊರಡಲು ಎದ್ದಿದ್ದ ರಾಫಿಯಾ ಮತ್ತೆ ಕೂತಳು. ಅವಳನ್ನು ನೋಡಿ ಪ್ರಾಪ್ತಿಯೂ ಚೀಲ ಕೆಳಗಿಟ್ಟಳು.

ಸಿಸ್ಟರ್ ಗಡಿಯಾರ ನೋಡಿದರು, ಮೆಟ್ಟಿಲ ಕೆಳಗಿನ ಬೈರಾಸು ನೋಡಿದರು. ಆಮೇಲೆ ಬಿಗಿದ ಪಟ್ಟಿಯನ್ನು ಸಡಿಲಿಸಿ ಎರಡನೆಯ ಬಾಟಲಿ ತೆಗೆದರು. ಮದ್ದು ಕಲಸುವ ನೀರಿನ ಪುಟ್ಟ ಗಾಜಿನ ಸೀಸೆಯ ಕತ್ತು ಟಿಕ್ ಎಂದು ಮುರಿಯಿತು.

"ಮೇಲೆ ಬಾಮ್ಮ," ಎಂದರು. ಯಾವ ಊರು ಎಂದು ಬೆಳಗ್ಗಿನಿಂದ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಅವರು ಈಗ ಕೇಳಲಿಲ್ಲ. "ಮಗುವಿನ ಹೆಸರು?"

"ಸುಪ್ರೀತಾ ರೀ."

ಚುಚ್ಚಿ, ಹತ್ತಿ ಒತ್ತಿ, ಹೆಸರು ಬರೆದುಕೊಂಡು, ಸಿಸ್ಟರ್ ಮದ್ದಿನ ಪುಸ್ತಕ ತೆರೆದರು. ಹಾಳಾದ ಡೋಸ್ ಎಂಬಲ್ಲಿ ನಾಲ್ಕು ಎಂದು ಬರೆದರು. ಕಾರಣದ ಕಾಲಮ್ಮಿನ ಮೇಲೆ ಪೆನ್ನು ಕ್ಷಣ ಹೊತ್ತು ನಿಂತಿತು. ಈ ಸಲ ಅದನ್ನು ಖಾಲಿ ಬಿಡಲಿಲ್ಲ. ದುಂಡಗಿನ ಅಕ್ಷರಗಳಲ್ಲಿ, ಯಾರು ಬೇಕಾದರೂ ಓದಬಹುದಾದಂತೆ ಬರೆದರು:

'ಒಂದು ಮಗು ಬಂದಿತ್ತು.'