ಆಚೆ ಕಡೆ ಮುಖ ಮಾಡಿದ ತೋರಣ

ರುಕ್ಮವ್ವ ಬಗ್ಗಿ ತಂಬಿಗೆಯ ನೀರನ್ನು ಶೇವಂತಾಳ ಹೆಣದ ಪಾದಕ್ಕೆ ಹಾಕುವಷ್ಟರಲ್ಲಿ ಪ್ರಾಜಕ್ತಾ ಕೈ ಚಾಚಿ ತಂಬಿಗೆ ಕಿತ್ತುಕೊಂಡಳು. ಅರ್ಧ ನೀರು ರುಕ್ಮವ್ವನ ಸೀರೆಯ ಮೇಲೆ ಚೆಲ್ಲಿತು, ಉಳಿದದ್ದು ಅಂಗಳದ ಫರಸಿಕಲ್ಲಿನ ಮೇಲೆ ಹರಿಯಿತು.

"ನಮ್ಮವ್ವನ್ನ ನೀ ಮುಟ್ಟಬ್ಯಾಡ ಕಾಕು."

"ಓಣಿ ಮಂದಿಯೆಲ್ಲಾ ನೀರ ಹಾಕಾಕತ್ತಾರ. ನಾ ಒಬ್ಬಾಕಿ ಯಾಕ ಹಾಕಬಾರ್ದು?"

"ಯಾಕ ಅಂತ ನಿನಗ ಗೊತ್ತೈತಿ."

ಹೆಂಗಸರು ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಂತರು. ಹಂಡೆಯ ಬುಡಕ್ಕೆ ಕಟ್ಟಿಗೆ ಒಡ್ಡುತ್ತಿದ್ದ ಪಕ್ಕದ ಮನೆಯ ಮಮತಾಜ ಎದ್ದು ಬಂದು ಪ್ರಾಜಕ್ತಾಳ ರಟ್ಟೆ ಹಿಡಿದಳು. "ಬ್ಯಾಡವಾ, ಇವತ್ತೊಂದ ದಿನ ಬ್ಯಾಡ. ನಿಮ್ಮ ಮಾಮಾ ಬರಲಿ, ಆಮ್ಯಾಲೆ ನೀರ ಹಾಕೂಣು." ಹಲಗೆಯ ಮೇಲೆ ಮಲಗಿದ್ದ ಶೇವಂತಾಳ ಮೈಮೇಲೆ ಯಾರೋ ಚಾದರ ಎಳೆದರು. ರುಕ್ಮವ್ವ ಹಿಂದೆ ಸರಿದಳು, ಆದರೆ ಹೋಗಲಿಲ್ಲ. ಕಂಬಕ್ಕೆ ಆತು ನಿಂತು ಒದ್ದೆ ನೆರಿಗೆಯನ್ನು ಹಿಂಡಿಕೊಂಡಳು.

ಸತ್ತಿ ಊರಿನ ಆ ಮನೆ ಮೊದಲು ಒಂದೇ ಆಗಿತ್ತು. ಅಣ್ಣ ಕಾಕಾಸಾಹೇಬ, ಆತನ ಹೆಂಡತಿ ಶೇವಂತಾ, ಮಗಳು ಪ್ರಾಜಕ್ತಾ. ತಮ್ಮ ಸಮಾಧಾನ, ಆತನ ಹೆಂಡತಿ, ಅಂದರೆ ಪ್ರಾಜಕ್ತಾಳ ಕಾಕು, ರುಕ್ಮವ್ವ, ಮಗ ಸಂಜಯ. ಈಗ ಅಂಗಳದ ನಡುವೆ ಎದೆಯೆತ್ತರದ ಸಿಮೆಂಟ್ ಇಟ್ಟಿಗೆಯ ಗೋಡೆ ಇತ್ತು. ಗೋಡೆಯ ಮೇಲೆ ನೆಟ್ಟ ಎರಡು ಗಳಗಳ ನಡುವೆ ಉಣ್ಣೆಯ ತೋರಣವೊಂದು ಅರ್ಧ ಕಟ್ಟಿ ಬಿಟ್ಟಂತೆ ನೇತಾಡುತ್ತಿತ್ತು. ಕಿತ್ತಳೆ, ಗಿಳಿಹಸಿರು ಹೂಗಳು. ಹೂವಿನ ಹೊಟ್ಟೆಯಲ್ಲಿ ಸಣ್ಣ ಕನ್ನಡಿಯ ಚೂರುಗಳು. ಅದರ ಚೆಂದದ ಮುಖ ಆಚೆ ಕಡೆಗಿತ್ತು. ಶೇವಂತಾಳ ಮನೆಯವರಿಗೆ ಕಾಣುತ್ತಿದ್ದುದು ಗಂಟುಗಳು ಮಾತ್ರ.

ಗಂಡಸರ ಗುಂಪಿನಲ್ಲಿದ್ದ ಸಮಾಧಾನ ಅದನ್ನು ನೋಡಿ ಮುಖ ಹುಳಿ ಮಾಡಿದ. "ಅದನ್ನರೆ ತಗೀರಿ. ಹೆಣಾ ಇಟ್ಟ ಮನ್ಯಾಗ ತೋರಣ ಶೋಭಸ್ತೈತೇನು?"

"ಕೈ ಹಚ್ಚಿದ್ರ ನೋಡ ಕಾಕಾ!" ಎಂದಳು ಪ್ರಾಜಕ್ತಾ.

ಸಮಾಧಾನ ಎತ್ತಿದ ಕೈ ಇಳಿಸಿದ. ಅಣ್ಣನ ಕಡೆ ನೋಡಿದ. ಕಾಕಾಸಾಹೇಬ ಕಟ್ಟೆಯ ಮೇಲೆ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದ. ಯಾರ ಮಾತೂ ಆತನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

*

ಶೇವಂತಾಳ ಕೈ ಸುಮ್ಮನಿರುತ್ತಿರಲಿಲ್ಲ. ಮಧ್ಯಾಹ್ನ ಭಾಂಡೆ ತಿಕ್ಕಿ, ಎಮ್ಮೆಗೆ ನೀರು ಕುಡಿಸಿ ಕೂತಳೆಂದರೆ ಮಡಿಲಲ್ಲಿ ಉಣ್ಣೆಯ ಉಂಡೆ. ಕಣ್ಣು ಟಿವಿಯ ಮರಾಠಿ ಧಾರಾವಾಹಿಯ ಮೇಲೆ, ಬೆರಳು ಕಡ್ಡಿಯ ಮೇಲೆ. ಮನೆಯಲ್ಲಿ ಯಾರ ಹುಟ್ಟುಹಬ್ಬವಿದ್ದರೂ ಆಕೆ ಕೈಯಾರೆ ಮಾಡಿದ್ದನ್ನೇ ಕೊಡಬೇಕು. ಕೂಸುಗಳಿಗೆ ಕುಂಚಿಗೆ, ಮಕ್ಕಳಿಗೆ ಟೊಪ್ಪಿಗೆ, ರುಕ್ಮವ್ವನಿಗೆ ಮಣಿಯ ಚೀಲ. ಕೊಟ್ಟು ಸುಮ್ಮನಾಗುವ ಹೆಂಗಸೂ ಅಲ್ಲ. ಹಾಕಿಕೊಂಡರೋ ಇಲ್ಲವೋ ಎಂದು ಕಣ್ಣಿಡುತ್ತಿದ್ದಳು. ಹಾಕದಿದ್ದರೆ ಊಟದ ಹೊತ್ತಿಗೆ ಎಲ್ಲರೆದುರು ಎತ್ತುತ್ತಿದ್ದಳು. "ನನ್ನ ಕೈಯಾಗಿಂದು ಮೈಗೆ ಚುಚ್ಚತೈತೇನು?" ಈ ಮಾತಿಗೆ ಹೆದರಿಯೇ ಮನೆಮಂದಿ ಬೇಸಿಗೆಯಲ್ಲೂ ಒಮ್ಮೊಮ್ಮೆ ಉಣ್ಣೆ ತೊಟ್ಟಿದ್ದುಂಟು.

ಸಂಜಯನಿಗೆ ಇಪ್ಪತ್ತೊಂದು ತುಂಬಿದ ವರ್ಷ ಆತನ ಗೆಳೆಯರು ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು. ಜನವರಿಯ ಚಳಿ. ಸಂಜೆ ಅಂಗಳದಲ್ಲಿ ಡಾಲ್ಬಿ ಸ್ಪೀಕರಿನ ಅಬ್ಬರ, ನಿಪ್ಪಾಣಿಯಿಂದ ತಂದ ಎರಡಂತಸ್ತಿನ ಕೇಕು, ಕೊಯ್ಯಲಿಕ್ಕೆ ತಲವಾರ. ಶೇವಂತಾ ದೀಪಾವಳಿಯಿಂದ ಹೆಣೆದ ಸ್ವೆಟರ್ ತಂದು ಕೊಟ್ಟಳು. ಕೆಂಗಂದು ಬಣ್ಣ, ಎದೆಯ ಮೇಲೆ ಬಿಳಿ ಉಣ್ಣೆಯಲ್ಲಿ ಹುಡುಗನ ಹೆಸರು. ಸಂಜಯ ತೊಟ್ಟುಕೊಂಡ.

"ಸಂಜ್ಯಾ, ಸಾಲಿಗೆ ಹೊಂಟಿ ಏನಲೇ?" ಎಂದ ಗೆಳೆಯ ಲಖನ. ಗುಂಪು ಗೊಳ್ಳೆಂದಿತು. ಸಂಜಯನೂ ನಕ್ಕ. ಯಾರೋ ಕೇಕಿನ ಕ್ರೀಮು ತೆಗೆದು ಆ ಬಿಳಿ ಅಕ್ಷರಗಳ ಮೇಲೇ ಬಳಿದರು.

ರುಕ್ಮವ್ವ ಪ್ಲೇಟು ಹಂಚುತ್ತಿದ್ದಳು. ಬಂದವರ ಮುಂದೆ ಆಕೆಗೂ ಮುಜುಗರವಾಗಿತ್ತು. "ಇರಲಿ ಬಿಡ್ರಿ," ಎಂದು ನಕ್ಕಳು, "ಟ್ರ್ಯಾಕ್ಟರ್ ಒರಸಾಕರೆ ಆಕ್ಕೈತಿ."

ಶೇವಂತಾ ಬಂದು ಸಂಜಯನ ಮುಂದೆ ನಿಂತಳು. "ತಗಿ," ಎಂದಳು. ತೆಗೆದುಕೊಟ್ಟ. ಕಟ್ಟೆಯ ಮೇಲೆ ದೀಪದ ಕೆಳಗೆ ಕೂತು, ಕೊರಳಿನ ಬಳಿ ಗಂಟು ಹುಡುಕಿ, ಹಲ್ಲಿನಿಂದ ಕಡಿದು, ಸ್ವೆಟರನ್ನು ಬಿಚ್ಚತೊಡಗಿದಳು. ಡಾಲ್ಬಿ ನಿಂತಿತು. ಆಕೆ ಅವಸರ ಮಾಡಲಿಲ್ಲ. ಮೊದಲು ತೋಳು ಹೋಯಿತು, ಆಮೇಲೆ ಹೆಸರು. ಬಂದವರು ತಲೆ ತಗ್ಗಿಸಿ ಉಂಡರು, ಹೇಳದೆ ಎದ್ದರು. ಕೊನೆಗೆ ಆಕೆಯ ಮಡಿಲಲ್ಲಿ ಕ್ರೀಮು ಮೆತ್ತಿದ ಉಂಡೆಯೊಂದೇ ಉಳಿಯಿತು.

"ನನ್ನ ಮಗನ ಹಬ್ಬ ಹಾಳ ಮಾಡಿದಿ," ಎಂದಳು ರುಕ್ಮವ್ವ.

"ಒರಸಾಕ ಬೇರೆ ಅರಿವಿ ನೋಡ್ಕೋ," ಎಂದಳು ಶೇವಂತಾ.

ಆ ಬೇಸಿಗೆಯಲ್ಲಿ ಗೋಡೆ ಎದ್ದಿತು. ಆಮೇಲೆ ಆಚೆ ಮನೆಯಲ್ಲಿ ಹುಟ್ಟುಹಬ್ಬವಿದ್ದರೆ ಸ್ಪೀಕರಿನ ಬಾಯಿ ಈಚೆಗೆ ತಿರುಗುತ್ತಿತ್ತು. ಈಚೆ ಮನೆಯಲ್ಲಿದ್ದರೆ ಗೋಡೆಯ ಮೇಲೆ ಶೇವಂತಾಳ ತೋರಣ ಏರುತ್ತಿತ್ತು, ಮುಖ ಆಚೆಗೆ. ಒಬ್ಬರ ಮನೆಯ ಹುಟ್ಟುಹಬ್ಬವನ್ನು ಇನ್ನೊಬ್ಬರು ಒಮ್ಮೆಯೂ ಮರೆಯಲಿಲ್ಲ.

*

ಶೇವಂತಾಳ ತಮ್ಮ ದಶರಥ ರಾಯಬಾಗದ ಕಡೆಯಿಂದ ಕ್ರೂಸರ್ ಜೀಪಿನ ತುಂಬ ಮಂದಿ ಹೇರಿಕೊಂಡು ಬಂದ. ಮುತ್ತೈದೆಗೆ ತವರಿನಿಂದ ಉಡಿಸುವ ಹಸಿರು ಸೀರೆ ಆತನ ಕಂಕುಳಲ್ಲಿತ್ತು. ಅಕ್ಕನ ಮುಖದ ಚಾದರ ಸರಿಸಿ ನೋಡಿದ. ಅಳಲಿಲ್ಲ. ತಿರುಗಿ ನಿಂತು ಕೇಳಿದ:

"ಮನಿ ಮುಂದ ಗಾಡಿ ನಿಂತಿತ್ತಂತಲ್ಲ?"

ಹೆಂಗಸರು ಗೋಡೆಯ ಕಡೆ ನೋಡಿದರು.

"ಸಂಜಯಂದು ಕಾರ್ ನಿಂತಿತ್ತು. ಅಥಣಿ ದವಾಖಾನಿ ಏನ ಪರದೇಶದಾಗೈತಿ? ನಮ್ಮಕ್ಕ ಎದಿ ಹಿಡಕೊಂಡ ಇಲ್ಲೇ ನೆಲದ ಮ್ಯಾಲೆ ಕುಂತಿದ್ಲು. ಗೋಡಿ ಆಚೆ ಮಂದಿ ಏನ ಮಾಡಾಕತ್ತಿದ್ರು?"

"ಅಳತಿ ಮೀರಿ ಮಾತಾಡಬ್ಯಾಡ್ರಿ," ಎಂದು ಸಮಾಧಾನ ಮುಂದೆ ಬಂದ.

"ಗಾಡಿ ತಗೊಂಡ ಬಾಗಲಿಗೆ ಬಂದಿದ್ದ ನನ್ನ ಮಗ," ಎಂದಳು ರುಕ್ಮವ್ವ. ಕಂಬ ಬಿಟ್ಟು ಅಂಗಳದ ನಡುವೆ ಬಂದಿದ್ದಳು. "ನಿಮ್ಮಕ್ಕನೇ ಒಲ್ಲೆ ಅಂದ್ಲು."

"ಜೀವಾ ಹೋಗಾಕತ್ತಾಗ ಯಾರರೆ ಒಲ್ಲೆ ಅಂತಾರ? ಸತ್ತಾಕಿ ಮ್ಯಾಲೆ ಹಾಕಿ ಕೈ ತೊಳಕೋಬ್ಯಾಡ."

"ನಿಮ್ಮಕ್ಕನ ಮಗಳು ಇಲ್ಲೇ ನಿಂತಾಳ. ಆಕಿನ್ನ ಕೇಳ್ರಿ."

ಅಂಗಳ ಪ್ರಾಜಕ್ತಾಳ ಕಡೆ ತಿರುಗಿತು. ಆಕೆ ಅವ್ವನ ತಲೆಯ ಬಳಿ ನಿಂತಿದ್ದಳು, ಕಿತ್ತುಕೊಂಡ ತಂಬಿಗೆ ಇನ್ನೂ ಕೈಯಲ್ಲೇ ಇತ್ತು. ಬಾಯಿ ತೆರೆಯಲಿಲ್ಲ. ರುಕ್ಮವ್ವ ಕಾದಳು. ಆಮೇಲೆ ನೆಲಕ್ಕೆ ಉಗುಳುವವಳಂತೆ ಮುಖ ತಿರುಗಿಸಿದಳು.

"ಆಯ್ತಲ್ಲ," ಎಂದ ದಶರಥ. "ಸೀರಿ ಉಡಸೂದು ಆಮ್ಯಾಲೆ. ನಾ ಕಂಪ್ಲೇಂಟ್ ಕೊಡ್ತೀನಿ. ಹೆಣಾ ಕೊಯ್ದ ನೋಡ್ಲಿ. ಪೊಲೀಸ್ರು ಬಂದು ಕೇಳ್ಲಿ ಈ ಹುಡುಗನ್ನ." ಕಿಸೆಯಿಂದ ಮೊಬೈಲ್ ತೆಗೆದ.

ಗೋಡೆಯ ಆಚೆ, ತನ್ನ ಕಾರಿನ ಪಕ್ಕ ನಿಂತಿದ್ದ ಸಂಜಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

*

ಹಿಂದಿನ ದಿನ ಜೂನ್ ಒಂದು. ಕಾಕಾಸಾಹೇಬನಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ. ಸಾಲೆಗೆ ಹಾಕುವಾಗ ಮಾಸ್ತರರು ಬರೆದುಕೊಂಡ ತಾರೀಖೇ ಆಧಾರ್ ಕಾರ್ಡಿಗೂ ಬಂದಿತ್ತು. "ಊರಾಗ ಅರ್ಧ ಮಂದಿ ಅವತ್ತ ಹುಟ್ಯಾರ," ಎಂದು ಆತ ನಗುತ್ತಿದ್ದ. ಶೇವಂತಾ ಈ ಸಲ ಹಟ ಹಿಡಿದಳು. ಎಲ್ಲರದೂ ಮಾಡಿದ್ದಾಯಿತು, ಮನೆಯ ಯಜಮಾನನದೂ ಆಗಲಿ. ಚಿಕ್ಕೋಡಿಯಲ್ಲಿ ಬಿ.ಎಡ್. ಓದುತ್ತಿದ್ದ ಪ್ರಾಜಕ್ತಾ ರಜೆಗೆ ಬಂದಿದ್ದಳು. ಆಕೆ ಸ್ಟೂಲ್ ಹಿಡಿದಳು, ಶೇವಂತಾ ಅದರ ಮೇಲೆ ಹತ್ತಿ, ತೋರಣದ ಒಂದು ತುದಿ ಕಟ್ಟಿದಳು. ಇನ್ನೊಂದು ತುದಿಗೆ ಕೈ ಎತ್ತಿದವಳು ಹಾಗೇ ಇಳಿದು, ಗೋಡೆಗೆ ಬೆನ್ನು ಹಚ್ಚಿ ಕೂತಳು. ಮುಖದ ತುಂಬ ಬೆವರು.

ಕಾಕಾಸಾಹೇಬ ಹೊಲದಲ್ಲಿದ್ದ. ಪ್ರಾಜಕ್ತಾ ಕೂಗಿದ ಕೂಗಿಗೆ ಮೊದಲು ಗೋಡೆ ಸುತ್ತಿ ಓಡಿ ಬಂದವಳು ರುಕ್ಮವ್ವ. ಆಕೆಯ ಹಿಂದೆಯೇ ಸಂಜಯ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, ಹಿಂದಿನ ಡೋರ್ ತೆಗೆದು ಹಿಡಿದ.

"ಏಳ ಅಕ್ಕಾ," ಎಂದು ರುಕ್ಮವ್ವ ತೋಳಿಗೆ ಕೈ ಹಾಕಿದಳು. ಎಷ್ಟೋ ವರ್ಷದ ಮೇಲೆ ಆಡಿದ ಮಾತು.

ಶೇವಂತಾ ಆ ಕೈಯನ್ನು ಕೊಡವಿದಳು. "ಇವರ ಗಾಡ್ಯಾಗ ನಾ ಕುಂಡ್ರೂದಿಲ್ಲ. ಆಂಬುಲೆನ್ಸಿಗೆ ಫೋನ್ ಹಚ್ಚು."

"ದೊಡ್ಡವ್ವಾ, ಹಟಾ ಮಾಡಬ್ಯಾಡ," ಎಂದ ಸಂಜಯ. ಬಗ್ಗಿ ಎತ್ತಲು ನೋಡಿದ.

ಪ್ರಾಜಕ್ತಾ ಆತನ ಎದೆಗೆ ಕೈ ಕೊಟ್ಟು ಹಿಂದೆ ತಳ್ಳಿದಳು. "ಅವ್ವ ಒಲ್ಲೆ ಅಂದ್ಲಲ್ಲ? ಕಿವಿ ಕೇಳಸೂದಿಲ್ಲೇನು? ಹೋಗ್ರಿ ನಿಮ್ಮ ಮನಿಗೆ!"

ಆಂಬುಲೆನ್ಸ್ ತಡ ಮಾಡಲಿಲ್ಲ, ದಾರಿಯೇ ಅಷ್ಟು ಉದ್ದವಿತ್ತು. ಅದು ಬರುವವರೆಗೂ ಕಾರು ಬಾಗಿಲು ತೆರೆದುಕೊಂಡು ಅಲ್ಲೇ ನಿಂತಿತ್ತು. ಶೇವಂತಾ ಅದರ ಕಡೆ ಮುಖ ಮಾಡದೆ, ಮಗಳ ಭುಜಕ್ಕೆ ತಲೆ ಕೊಟ್ಟಳು. ಸ್ಟ್ರೆಚರ್ ಇಳಿಸುವ ಹೊತ್ತಿಗೆ ಆ ತಲೆ ಭಾರವಾಗಿತ್ತು.

*

"ಫೋನ್ ಇಡು ಮಾಮಾ."

ದಶರಥ ಮೊಬೈಲನ್ನು ಕಿವಿಯಿಂದ ಸರಿಸಿದ.

"ಅವರು ಗಾಡಿ ತಂದಿದ್ರು," ಎಂದಳು ಪ್ರಾಜಕ್ತಾ. ದನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳುವಷ್ಟಿತ್ತು. "ಬಾಗಲಾ ತಗದ ನಿಂತಿದ್ದ ಸಂಜು. ಅವ್ವ ಒಲ್ಲೆ ಅಂದ್ಲು. ಅಂವ ಎತ್ತಾಕ ಬಂದ. ನಾನ ದಬ್ಬಿದ್ನಿ. ಹೋಗ್ರಿ ಅಂದಾಕಿ ನಾನ."

ಕಟ್ಟೆಯ ಮೇಲಿದ್ದ ಕಾಕಾಸಾಹೇಬ ಆಗ ತಲೆ ಎತ್ತಿದ. ಮಗಳನ್ನು ಬಹಳ ಹೊತ್ತು ನೋಡಿದ. ಎದ್ದು, ಗೋಡೆಯ ಬಳಿ ಹೋಗಿ, ಆಚೆ ನಿಂತಿದ್ದ ಸಂಜಯನಿಗೆ, "ಒಳಗ ಬಾ. ಚಟ್ಟಾ ಕಟ್ಟೂದೈತಿ," ಎಂದ.

ರುಕ್ಮವ್ವ ಕರಗಲಿಲ್ಲ. "ಈಗ ಬಾಯಿ ಬಂತೇನು?" ಎಂದು ಪ್ರಾಜಕ್ತಾಳ ಎದುರಿಗೆ ಬಂದಳು. "ಮುಂಜಾನಿಂದ ನನ್ನ ಮಗನ್ನ ಕೊಲಿಗಾರ ಮಾಡಿ ನಿಲ್ಲಿಸಿದ್ದಿ. ನೀ ಅವ್ವನ ಮಗಳ ಖರೆ. ತುದಿ ಸಿಕ್ಕರ ಸಾಕು, ಪೂರಾ ಬಿಚ್ಚಿದ ಹೊರತು ಬಿಡೂದಿಲ್ಲ."

"ಅವ್ವನ್ನ ಬೈಬ್ಯಾಡ."

"ಬೈತೀನಿ. ಸತ್ತಾಳಂತ ಬಿಡೂದಿಲ್ಲ. ಎದ್ದ ಗಾಡ್ಯಾಗ ಕುಂತಿದ್ರ ಇವತ್ತ ನನ್ನ ಬೈಕೋತ ಇಲ್ಲೇ ಇರತಿದ್ಲು." ಸೆರಗಿನಿಂದ ಬಾಯಿ ಒರೆಸಿಕೊಂಡು, "ನೀರ ಆರಿ ಹೋಗ್ಯಾವು. ಮಮತಾಜ, ಮತ್ತ ಕಾಸ," ಎಂದಳು.

ನೀರು ಹಾಕುವಾಗ ಇಬ್ಬರೂ ಹಲಗೆಯ ಎರಡು ಬದಿಗೆ ಕೂತರು. ರುಕ್ಮವ್ವ ಅರಿಶಿನ ಹಚ್ಚಿದ ಕಡೆ ಪ್ರಾಜಕ್ತಾ ಮತ್ತೊಮ್ಮೆ ಹಚ್ಚಿದಳು. ಪ್ರಾಜಕ್ತಾ ಬಾಚಿದ ತಲೆಯನ್ನು ರುಕ್ಮವ್ವ ಬಿಚ್ಚಿ, ತಾನು ಬಾಚಿ, ತುರುಬು ಕಟ್ಟಿದಳು. ದಶರಥ ಸೀರೆಯನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಹಲಗೆಯ ಮೇಲೆ ಇಟ್ಟು ಹೋದ. ನೆರಿಗೆ ಹಿಡಿಯುವಾಗ ನಾಲ್ಕು ಕೈಗಳೂ ಒಂದೇ ಅಂಚನ್ನು ಎಳೆದವು.

ಹೊಳೆಗೆ ಹೊರಟಾಗ ಸಂಜಯ ಹಿಂದಿನ ಬದಿಗೆ ಹೆಗಲು ಕೊಟ್ಟ. ದಶರಥ ಪಕ್ಕದ ಬಿದಿರು ಹೊತ್ತಿದ್ದ. ಕೃಷ್ಣೆಯ ದಂಡೆಯವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾಕಾಸಾಹೇಬ ಬೆಂಕಿ ಇಟ್ಟ. ದಶರಥ ತಿರುಗಿ ಮನೆಗೆ ಬರಲಿಲ್ಲ. ಹೊಳೆಯಿಂದಲೇ ಕ್ರೂಸರ್ ಹತ್ತಿದ.

ಗಂಡಸರು ಇನ್ನೂ ಹೊಳೆಯಲ್ಲಿ ಸ್ನಾನ ಮಾಡುತ್ತಿರುವಾಗಲೇ ಮಮತಾಜ ದೊಡ್ಡ ಬುಟ್ಟಿ ಹೊತ್ತು ಬಂದಳು. ಸೂತಕ ಎರಡೂ ಮನೆಗೆ ತಗುಲಿತ್ತು, ಎರಡು ಒಲೆಯೂ ಹೊತ್ತುವಂತಿರಲಿಲ್ಲ. "ಎರಡೂ ಮನಿಗೆ ಕೂಡೇ ತಂದೀನಿ," ಎಂದು ಪಡಸಾಲೆಯಲ್ಲಿ ಇಳಿಸಿ ಹೋದಳು.

ಪ್ರಾಜಕ್ತಾ ಒಂದು ಗೋಡೆಗೆ ಒರಗಿದ್ದಳು, ರುಕ್ಮವ್ವ ಎದುರಿನ ಗೋಡೆಗೆ. ಎಷ್ಟೋ ಹೊತ್ತಿನ ಮೇಲೆ ಪ್ರಾಜಕ್ತಾ ಎದ್ದು ಎರಡು ತಾಟು ತಂದಳು. ರೊಟ್ಟಿ ಹಾಕಿ, ಹೆಸರುಕಾಳಿನ ಪಲ್ಯ ಬಡಿಸಿ, ಒಂದನ್ನು ನೆಲದ ಮೇಲೆ ಜೋರಾಗಿ ನೂಕಿದಳು. ಅದು ರುಕ್ಮವ್ವನ ಮೊಣಕಾಲಿಗೆ ಬಡಿದು ನಿಂತಿತು.

ರುಕ್ಮವ್ವ ತಾಟು ಎತ್ತಿಕೊಂಡು ಎದ್ದಳು. ಹೊರಗೆ ಹೋಗುವಳೆಂದು ಪ್ರಾಜಕ್ತಾ ಅಂದುಕೊಂಡಳು. ಆಕೆ ಬಂದು ಪಕ್ಕದಲ್ಲೇ ಕೂತಳು. ಪಲ್ಯದ ಮೇಲೆ ಹಸಿ ಉಳ್ಳಾಗಡ್ಡಿ ಹೆಚ್ಚಿ ಉದುರಿಸಿತ್ತು. ಪ್ರಾಜಕ್ತಾಳಿಗೆ ಅದು ಕೂಸಿದ್ದಾಗಿನಿಂದ ಸೇರುತ್ತಿರಲಿಲ್ಲ. ರುಕ್ಮವ್ವ ಆಕೆಯ ಮುಖ ನೋಡದೆ, ಹುಬ್ಬು ಗಂಟಿಕ್ಕಿಕೊಂಡೇ, ಆಕೆಯ ತಾಟಿಗೆ ಕೈ ಹಾಕಿ ಉಳ್ಳಾಗಡ್ಡಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತನ್ನ ತಾಟಿಗೆ ಹಾಕಿಕೊಳ್ಳತೊಡಗಿದಳು. ಪ್ರಾಜಕ್ತಾ ಬೇಡ ಎನ್ನಲಿಲ್ಲ. ರೊಟ್ಟಿಯ ಮೇಲೆ ಕೈಯಿಟ್ಟು, ಮುಗಿಯುವವರೆಗೂ ಕಾದಳು.