ಅಮ್ಮನನ್ನು ಕರೆಯುವ ಕಾರ್ಡು

ಅಕ್ಕನ ಮಗನನ್ನು ನಾವೆಲ್ಲ ಗುಂಡ ಅಂತಲೇ ಕರೆಯುವುದು. ಹುಟ್ಟಿದಾಗ ಗುಂಡಗುಂಡಗೆ ಇದ್ದ, ಹೆಸರು ಅಂಟಿಕೊಂಡಿತು. ಈಗ ಬಾಗಿಲಲ್ಲಿ ತಲೆ ಬಗ್ಗಿಸಿ ನಡೆಯುವಷ್ಟು ಎತ್ತರದ ಗಂಡಸು, ಗಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕೂದಲು, ಆದರೂ ಗುಂಡನೇ. ಮಾತು ಬರುವುದಿಲ್ಲ. ಬುದ್ಧಿ ಬೆಳೆದಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬುದ್ಧಿಯನ್ನು ನಾನು ದಿನಾ ನೋಡುತ್ತಿರುತ್ತೇನೆ, ಆದ್ದರಿಂದ ಬಾಯಿ ಮುಚ್ಚಿಕೊಂಡಿರುತ್ತೇನೆ.

ಅವನಿಗೆ ಗುದ್ದಿಕೊಳ್ಳುವ ಅಭ್ಯಾಸವಿತ್ತು. ಬೇರೆ ಯಾರಿಗೂ ಅಲ್ಲ, ತನಗೇ. ಮುಷ್ಟಿ ಬಿಗಿ ಹಿಡಿದು ಕಣ್ಣಿನ ಪಕ್ಕಕ್ಕೆ ಹೊಡೆದುಕೊಂಡರೆ ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಹಾಗೆ ಹೊಡೆದುಕೊಂಡೇ ಎಡಗಣ್ಣು ಕಳೆದುಕೊಂಡ. ಬಲಗಣ್ಣೂ ಇದೇ ದಾರಿ ಹಿಡಿಯುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ, ಭಾವ ಎಲ್ಲೆಲ್ಲೋ ವಿಚಾರಿಸಿ ಥೆರಪಿ ಮೇಡಂ ಒಬ್ಬರನ್ನು ಮನೆಗೆ ಕರೆಸಿದರು.

ಮೇಡಂ ಅಂದರೆ ಇನ್ನೂ ಹುಡುಗಿ. ಬಂದವಳೇ ನನ್ನನ್ನು ಆಂಟಿ ಅಂದಳು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನುವ ಹಾಗೆ ಆಮೇಲೆ ಅವಳು ಏನು ಹೇಳಿದರೂ ನನಗೆ ತಪ್ಪೇ ಕಾಣಿಸುತ್ತಿತ್ತು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದಳು. ಗುಂಡ ಗುದ್ದಿಕೊಳ್ಳುವ ಮೊದಲು ಏನಾಯಿತು, ಗುದ್ದಿಕೊಂಡ ಮೇಲೆ ಏನಾಯಿತು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಇದೆಂಥ ಔಷಧಿ ಅಂತ ನಾನು ಹೊಲಿಗೆ ಮಿಷನ್ನಿನ ಹಿಂದಿನಿಂದ ಗೊಣಗುತ್ತಿದ್ದೆ. ಅದೇ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಕೆಲಸ.

ಕೊನೆಗೆ ಅವಳು ಹೇಳಿದ್ದು ಇಷ್ಟು: ಗುದ್ದಿಕೊಂಡಾಗಲೆಲ್ಲ ಅಮ್ಮ ಓಡಿ ಬರುತ್ತಾಳೆ, ಅದಕ್ಕೇ ಗುದ್ದಿಕೊಳ್ಳುತ್ತಾನೆ. ಅಕ್ಕನ ಮುಖ ಸಣ್ಣದಾಯಿತು. ಓಡಿ ಬಂದದ್ದೇ ತನ್ನ ತಪ್ಪಾ ಎಂದು ಕೇಳಿದಳು.

"ತಪ್ಪಲ್ಲಮ್ಮ. ನಿಮ್ಮನ್ನ ಬೇರೆ ಥರ ಕರೆಯೋದು ಅವನಿಗೆ ಯಾರೂ ಕಲಿಸಿಲ್ಲ, ಅಷ್ಟೆ."

ಅಕ್ಕನ ಫೋಟೋ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಒಂದು ಕಾರ್ಡು ಮಾಡಿದರು. ಅದನ್ನು ಇಡಲು ಗುಂಡನ ಎಲ್ಲ ಅಂಗಿಗಳಿಗೂ ಎದೆಯ ಮೇಲೆ ನಾನು ಜೇಬು ಹೊಲಿದೆ. ಅಮ್ಮ ಬೇಕಾದರೆ ಕಾರ್ಡು ತೆಗೆದು ಹತ್ತಿರ ಇದ್ದವರ ಕೈಗೆ ಕೊಡಬೇಕು. ಕೊಟ್ಟ ತಕ್ಷಣ ಅಕ್ಕ ಬರಬೇಕು, ಎಲ್ಲಿದ್ದರೂ, ಏನು ಮಾಡುತ್ತಿದ್ದರೂ. ಗುದ್ದಿಕೊಂಡರೆ ಮಾತ್ರ ಯಾರೂ ಓಡಬಾರದು, ಕಣ್ಣಿಗೆ ಏಟು ಬೀಳದಂತೆ ದಿಂಬು ಅಡ್ಡ ಹಿಡಿಯಬೇಕು, ಮುಖ ನೋಡಬಾರದು, ಮಾತಾಡಬಾರದು. ಹೇಳುವುದು ಸುಲಭ. ಆ ಮೊದಲ ದಿನಗಳಲ್ಲಿ ಅಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿರುತ್ತಿದ್ದಳು.

ಆದರೆ ಅವನು ಕಲಿತ. ಕಲಿತ ಮೇಲೆ ನಮ್ಮನ್ನು ಬಿಟ್ಟನೇ? ಅಕ್ಕ ಹಾಲು ಉಕ್ಕಲು ಬಿಟ್ಟು ಬಂದಳು, ತಲೆಯ ಸೋಪಿನ ಸಮೇತ ಬಚ್ಚಲಿನಿಂದ ಬಂದಳು. ಮಹಾರಾಜರು ಅಪ್ಪಣೆ ಕಳಿಸಿದ್ದಾರೆ ಎಂದು ನಾನು ಕೂಗುತ್ತಿದ್ದೆ. ಬಂದು ಅವನ ಎರಡೂ ಅಂಗೈ ಹಿಡಿದು ಹಿಟ್ಟು ನಾದುವ ಹಾಗೆ ಅದುಮುತ್ತಿದ್ದಳು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಗುದ್ದು ಕಮ್ಮಿಯಾಗುತ್ತಾ ಬಂದು ನಿಂತೇಹೋಯಿತು. ಆಮೇಲೆ ನಾನು ಆ ಹುಡುಗಿಗೆ ಕೇಳದೆಯೇ ಚಹಾ ಮಾಡಿ ಕೊಡಲು ಶುರುಮಾಡಿದೆ.

ಎಲ್ಲರಿಗಿಂತ ಹೆಚ್ಚು ಈ ನಿಯಮವನ್ನು ನಂಬಿದವರು ಭಾವ. ಅವರದು ಲಿಫ್ಟ್ ರಿಪೇರಿ ಕೆಲಸ. ಗುಂಡಿ ಒತ್ತಿದರೆ ಲಿಫ್ಟ್ ಬರಬೇಕು, ಬರದಿದ್ದರೆ ಜನ ಮೆಟ್ಟಿಲು ಹತ್ತುತ್ತಾರೆ, ಆಮೇಲೆ ಗುಂಡಿಯನ್ನು ನಂಬುವುದಿಲ್ಲ ಎನ್ನುತ್ತಿದ್ದರು. ಅಕ್ಕ ಎಲ್ಲಾದರೂ ನಿಧಾನ ಮಾಡಿದರೆ ಬೈಯುವವರೂ ಅವರೇ.

ಆಮೇಲೆ ಅಕ್ಕನಿಗೆ ಕಾಯಿಲೆ ಬಂತು. ಹೊಟ್ಟೆನೋವು ಅಂತ ಹೋದವಳನ್ನು ಆಸ್ಪತ್ರೆಯವರು ಮನೆಗೆ ಬಿಡಲಿಲ್ಲ. ಗುಂಡನನ್ನು ವಾರ್ಡಿನೊಳಗೆ ಕರೆದುಕೊಂಡು ಹೋಗುವಂತಿರಲಿಲ್ಲ. ಅಲ್ಲೇ ಅಕ್ಕ ತೀರಿಕೊಂಡಳು. ನಾನೂ ಭಾವನೂ ವಾಪಸ್ಸು ಬಂದು ಚಪ್ಪಲಿ ಬಿಡುವಾಗ ಗುಂಡ ನಮ್ಮ ಹಿಂದಿನ ಬಾಗಿಲನ್ನೇ ನೋಡುತ್ತಿದ್ದ. ಅವನಿಗೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ, ಹೇಳಲಿಲ್ಲ.

ಅಷ್ಟರಲ್ಲಾಗಲೇ ಅವನ ಜೇಬು ಖಾಲಿಯಾಗಿತ್ತು. ಅಕ್ಕ ಆಸ್ಪತ್ರೆ ಸೇರಿದ ದಿನವೇ ಕಾರ್ಡು ಕಾಣೆ. ಅಂಗಿ ಒಗೆಯುವಾಗ ಎಲ್ಲೋ ಬಿದ್ದಿರಬೇಕು ಅಂದುಕೊಂಡು ನಾನು ಬಕೆಟ್ಟು, ಮೋರಿ ಎಲ್ಲ ಹುಡುಕಿದೆ. ಗುಂಡ ಜೇಬಿಗೆ ಕೈ ಹಾಕುವನು, ಬೆರಳು ಬಟ್ಟೆಯೊಳಗೆ ತಡಕಾಡುವುದು ಹೊರಗಿನಿಂದ ಕಾಣುತ್ತಿತ್ತು, ಕೈ ಬರಿದೇ ಹೊರಗೆ ಬರುವುದು. ದಿಂಬಿನ ಕೆಳಗೆ ನೋಡಿದ, ನನ್ನ ಮಿಷನ್ನಿನ ಡ್ರಾಯರಿನಲ್ಲಿ ನೋಡಿದ. ಆಮೇಲೆ ಮುಷ್ಟಿ ಬಂತು. ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂತು, ದಿಂಬು ಹಿಡಿದ ನನ್ನ ಮಣಿಕಟ್ಟು ಊದಿಕೊಂಡಿತು. ಬಲಗಣ್ಣಿನ ಸುತ್ತ ನೀಲಿಗಟ್ಟಿತು. ಡಾಕ್ಟರು ಪರೀಕ್ಷಿಸಿ, ಕಣ್ಣಿನ ಒಳಗಿನ ಪರದೆ ಹರಿಯುವಂತಿದೆ, ಹೀಗೇ ಮುಂದುವರಿದರೆ ಉಳಿಸಿಕೊಡುತ್ತೇನೆಂದು ಹೇಳಲಾರೆ ಎಂದರು. ಆ ಕಣ್ಣೂ ಹೋದರೆ ಅವನಿಗೆ ಯಾವ ಕಾರ್ಡೂ ಇಲ್ಲ, ಯಾವ ಮುಖವೂ ಇಲ್ಲ. ನಾನು ಮೇಡಂಗೆ ಫೋನು ಮಾಡಿದೆ.

ಅವಳು ಬಂದು ಮೊದಲು ಕೇಳಿದ್ದೇ ಕಾರ್ಡು ಎಲ್ಲಿ ಎಂದು. ಕಳೆದುಹೋಯಿತು ಎಂದೆ. ಭಾವ ಎದ್ದು, ಬೀರುವಿನ ಮೇಲೆ ಕೈಯಾಡಿಸಿ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಧೂಳಿನ ಹಿಂದೆ ಅಕ್ಕ ನಗುತ್ತಿದ್ದಳು.

"ಲಿಫ್ಟ್ ಕೆಟ್ಟರೆ ನಾವು ಗುಂಡಿಯ ಕರೆಂಟ್ ತೆಗೀತೀವಿ," ಎಂದರು. "ಕೊಟ್ಟ ಮೇಲೆ ಅವಳು ಬರಲೇಬೇಕು ಅಂತ ನೀವೇ ಹೇಳಿದ್ರಿ. ಅವಳು ಬರೋ ಹಾಗಿರಲಿಲ್ಲ. ಅವನಿಗೆ ಮೋಸ ಆಗಬಾರದು ಅಂತ..."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತಿದ್ದೆ, ಆದರೆ ಅವರು ಕಾರ್ಡಿನ ಮೇಲಿಂದ ಬೆರಳು ತೆಗೆದಿರಲಿಲ್ಲ. ಮೇಡಂ ಕೂಡ ಬೈಯಲಿಲ್ಲ. ಕಾರ್ಡನ್ನು ಒರೆಸಿ, "ಇದು ಅವನ ಬಾಯಿ ಸರ್," ಎಂದಳು. "ಉತ್ತರ ಕೆಟ್ಟದ್ದು ಅಂತ ಬಾಯಿ ಕಿತ್ಕೊಳ್ಳೋಕಾಗಲ್ಲ."

ಅವಳು ಹೊಸ ನಿಯಮ ಹೇಳಿದಳು: ಕಾರ್ಡು ಅವನಿಗೇ ವಾಪಸ್ಸು ಕೊಡಬೇಕು. ಅವನು ಯಾರ ಕೈಗೆ ಕೊಡುತ್ತಾನೋ ಅವರು ತಕ್ಷಣ ಹತ್ತಿರ ಕೂತು, ಅಂಗೈ ಅದುಮುತ್ತಾ, ನಿಜವನ್ನೇ ಹೇಳಬೇಕು. ಪ್ರತಿ ಸಲ ಅದೇ ಮಾತು, ಅದೇ ಸ್ವರ. ಅವನ ಎದುರು ಅಳಬಾರದು, ಅತ್ತರೆ ಅವನು ಹೆದರುತ್ತಾನೆ, ಮುಷ್ಟಿ ಮೇಲೇಳುತ್ತದೆ.

ಮೊದಲು ನನಗೆ ಅಭ್ಯಾಸ ಮಾಡಿಸಿದಳು. ತಾನೇ ಗುಂಡನಾಗಿ ಕಾರ್ಡು ಕೊಟ್ಟಳು. ನಾನು ಅವಳ ಕೈ ಹಿಡಿದು, "ಅಮ್ಮ ಬರಲ್ಲ. ಚಿಕ್ಕಮ್ಮ ಬಂದಿದೀನಿ," ಎನ್ನಬೇಕಿತ್ತು. ಅಮ್ಮ ಅನ್ನುವಷ್ಟರಲ್ಲೇ ಸ್ವರ ಒಡೆಯಿತು. ಮತ್ತೆ ಹೇಳಿ ಆಂಟಿ, ಎಂದಳು. ಮತ್ತೆ ಹೇಳಿದೆ, ಮತ್ತೆ ಒಡೆಯಿತು. ನನ್ನ ಅಕ್ಕ ಸತ್ತಿದ್ದಾಳೆ ಎಂದು ಸ್ವರ ಏರದಂತೆ, ಇಳಿಯದಂತೆ ಹೇಳಲು ನಾನು ಒಂದು ಮಧ್ಯಾಹ್ನ ಪೂರ್ತಿ ಕಲಿತೆ. ಯಾವ ಶತ್ರುವಿಗೂ ಆ ಪಾಠ ಬೇಡ.

ಭಾವನ ಸರದಿ ಬಂದಾಗ ಅವರಿಗೆ ಕೆಲಸದ ಕರೆ ಬಂತು. ಮರುದಿನವೂ ಬಂತು. ಊರಿನ ಲಿಫ್ಟ್‌ಗಳೆಲ್ಲ ಒಟ್ಟಿಗೇ ಕೆಟ್ಟವೋ ಏನೋ, ಅವರು ಮನೆಯಲ್ಲಿ ನಿಲ್ಲಲೇ ಇಲ್ಲ. ಇದ್ದರೂ ಗುಂಡನ ಕೈಗೆ ಸಿಗದಷ್ಟು ದೂರ ಕೂರುತ್ತಿದ್ದರು. ಗುಂಡ ಎದ್ದು ಅವರ ಕಡೆ ನಡೆದರೆ ಅವರು ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಕಾರ್ಡು ಹಿಡಿದ ಕೈ ಗಾಳಿಯಲ್ಲೇ ಉಳಿದು, ನಿಧಾನವಾಗಿ ಮುಷ್ಟಿಯಾಗುತ್ತಿತ್ತು. ನನ್ನ ಹತ್ತಿರ ಗುದ್ದು ಇಳಿಯುತ್ತಿತ್ತು, ಅವರು ಮನೆಯಲ್ಲಿದ್ದಾಗ ಏರುತ್ತಿತ್ತು.

ಒಂದು ಭಾನುವಾರ ನಾನು ಬಾಗಿಲಿಗೆ ಅಡ್ಡ ನಿಂತೆ.

"ಭಾವ, ಅಕ್ಕ ಇಲ್ಲ ಅನ್ನೋ ಮಾತು ನೀವು ಇದುವರೆಗೂ ಯಾರ ಹತ್ರಾನೂ ಅಂದಿಲ್ಲ. ನನಗೆ ಗೊತ್ತು. ನನ್ನ ಹತ್ರ ಅನ್ನಬೇಡಿ, ನನಗೇನೂ ಬೇಡ. ಆದರೆ ಅವನಿಗಿರೋದು ಒಂದೇ ಕಣ್ಣು."

ಅವರು ಹಾಕಿಕೊಂಡಿದ್ದ ಚಪ್ಪಲಿ ಬಿಟ್ಟರು. ಹೋಗಿ ಗುಂಡನ ಪಕ್ಕ ಕೂತರು. ಗುಂಡ ಅವರನ್ನು ಸ್ವಲ್ಪ ಹೊತ್ತು ನೋಡಿ, ಜೇಬಿನಿಂದ ಕಾರ್ಡು ತೆಗೆದು ಅವರ ಅಂಗೈಯಲ್ಲಿಟ್ಟ. ಭಾವ ಅಕ್ಕನ ಮುಖ ನೋಡಿದರು. ಗುಂಡನ ಬಲಗೈ ಮುದುಡಿ ಮೇಲೇಳತೊಡಗಿತು. ದಿಂಬು ನನ್ನ ಹತ್ತಿರವೇ ಇತ್ತು, ನಾನು ಎದ್ದೂ ಬಿಟ್ಟಿದ್ದೆ.

"ಅಮ್ಮ ಬರಲ್ಲ," ಎಂದರು ಭಾವ. ಅರ್ಧದಲ್ಲಿ ಸ್ವರ ಹೋಯಿತು. ಉಸಿರು ಎಳೆದುಕೊಂಡು ಮತ್ತೆ ಹೇಳಿದರು. "ಅಮ್ಮ ಬರಲ್ಲ ಕಣೋ. ಅಪ್ಪ ಬಂದಿದೀನಿ."

ಮೇಲೆದ್ದ ಕೈಯನ್ನು ಹಿಡಿದು, ಬೆರಳುಗಳನ್ನು ಬಿಡಿಸಿ, ಅಂಗೈ ಅದುಮಿದರು. ಅಕ್ಕ ಅದುಮಿದ ಹಾಗಲ್ಲ, ಮೆಕ್ಯಾನಿಕ್ಕಿನ ಒರಟು ಕೈ. ಗುಂಡ ಕಾರ್ಡನ್ನು ವಾಪಸ್ಸು ತೆಗೆದುಕೊಂಡು ಮತ್ತೆ ಕೊಟ್ಟ. ಭಾವ ಮತ್ತೆ ಹೇಳಿದರು. ಊಟದ ಹೊತ್ತಾಯಿತು, ಅವನು ಕೊಡುವುದು ನಿಲ್ಲಲಿಲ್ಲ, ಇವರು ಹೇಳುವುದು ನಿಲ್ಲಲಿಲ್ಲ. ಅಳು ಬಂದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ಬರುತ್ತಿದ್ದೆ. ಭಾವನಿಗೆ ಏಳುವಂತೆಯೂ ಇರಲಿಲ್ಲ.

ಆ ದಿನದಿಂದ ಗುದ್ದು ಇಳಿಯಿತು. ಕಣ್ಣಿನ ಸುತ್ತ ನೀಲಿ ಮಾಸಿತು. ಪರದೆ ಗಟ್ಟಿಯಾಗಿ ನಿಂತಿದೆ, ಕಣ್ಣು ಉಳಿಯಿತು ಎಂದು ಡಾಕ್ಟರು ಹೇಳಿದಾಗ ಮೇಡಂಗೆ ಆದ ಸಂತೋಷ ನೋಡಬೇಕಿತ್ತು. ಕಾರ್ಡು ಕೊಡುವುದೂ ಕಮ್ಮಿಯಾಗುತ್ತಾ ಬಂತು. ಮೊದಲು ಇಡೀ ದಿನ ಕೇಳುತ್ತಿದ್ದವನು ಆಮೇಲೆ ಬೆಳಿಗ್ಗೆ ಮಾತ್ರ, ಆಮೇಲೆ ಎಂದಾದರೊಮ್ಮೆ. ಅವನಿಗೆ ಅರ್ಥವಾಗುತ್ತಿದೆ, ಒಳ್ಳೆಯದು ಎಂದಳು. ಒಳ್ಳೆಯದೇ. ಆದರೆ ಅಕ್ಕನನ್ನು ಬಾ ಎಂದು ಕರೆಯುವವನು ಈ ಲೋಕದಲ್ಲಿ ಅವನೊಬ್ಬನೇ ಉಳಿದಿದ್ದ. ಆ ಕರೆಯುವುದನ್ನು ನಾವೇ ಕೂತು, ಅಂಗೈ ಅದುಮಿ, ಬಿಡಿಸಿದೆವು.

ನಿನ್ನೆ ಸಂಜೆ ಗುಂಡ ಜೇಬಿನಿಂದ ಕಾರ್ಡು ತೆಗೆದ. ಪಕ್ಕದಲ್ಲಿದ್ದ ಭಾವ ಪೇಪರು ಕೆಳಗಿಟ್ಟು ಕೈ ಚಾಚಿದರು. ಗುಂಡ ಉಳಿದ ಒಂದು ಕಣ್ಣನ್ನು ಹತ್ತಿರ ತಂದು ಅಕ್ಕನನ್ನು ನೋಡಿದ, ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡ, ಸುಮ್ಮನೆ ಕೂತ.

ಭಾವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಕೇಳೋ," ಎಂದರು. "ಒಂದೇ ಒಂದ್ಸಲ ಅಮ್ಮನ್ನ ಕೇಳೋ, ಗುಂಡ."